ಕಡಿಮೆ ಬಜೆಟ್‌ನಲ್ಲಿ ಎಡಿಟಿಂಗ್ ಮತ್ತು ಕಲರ್ ಗ್ರೇಡಿಂಗ್ ಮಾನಿಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ವಿಡಿಯೊ, ಕಿರುಚಿತ್ರ, ಯೂಟ್ಯೂಬ್ ಚಾನೆಲ್, ಊರಿನ ಅಂಗಡಿಯ ಜಾಹೀರಾತು ಇಂಥವನ್ನೆಲ್ಲ ಮನೆಯ ಒಂದು ಕೋಣೆಯಲ್ಲೋ ಸಣ್ಣ ಸ್ಟುಡಿಯೊದಲ್ಲೋ ಕೂತು ಎಡಿಟ್, ಕಲರ್ ಗ್ರೇಡಿಂಗ್ (ಬಣ್ಣ, ಬೆಳಕು ತಿದ್ದುವ ಕೆಲಸ) ಮಾಡುವವರಿಗಾಗಿ ಈ ಪುಟ. ಥಿಯೇಟರ್‌ಗೆ ಹೋಗುವ ಸಿನಿಮಾದ ಡಿಐ (ಡಿಜಿಟಲ್ ಇಂಟರ್ಮೀಡಿಯೇಟ್, ಸಿನಿಮಾದ ಬಣ್ಣ ತಿದ್ದುವ ಹಂತ) ಬೇರೆಯೇ ಲೋಕ, ಅದಕ್ಕೆ ಪ್ರೊಜೆಕ್ಟರ್ ಇರುವ ಕೋಣೆ ಬೇಕು. ಇಲ್ಲಿನ ಮಾತೆಲ್ಲ ಫೋನ್, ಟಿವಿ, ಕಂಪ್ಯೂಟರ್‌ನಲ್ಲಿ ನೋಡುವ ಕೆಲಸದ ಬಗ್ಗೆ. ನೋಡಲು ಚೆಂದ ಕಾಣುವ ಮಾನಿಟರ್ ಹುಡುಕಬೇಡಿ, ನಂಬಬಹುದಾದ ಮಾನಿಟರ್ ಹುಡುಕಿ. ಕೆಳಗಿನ ಹೆಚ್ಚಿನ ಉತ್ತರಗಳು ಈ ಒಂದು ಮಾತಿನಿಂದಲೇ ಹುಟ್ಟಿದವು.

ಲ್ಯಾಪ್‌ಟಾಪ್ ಸ್ಕ್ರೀನ್ ಇದೆಯಲ್ಲ, ಬೇರೆ ಮಾನಿಟರ್ ಯಾಕೆ ಬೇಕು?

ಲ್ಯಾಪ್‌ಟಾಪ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳ ಸ್ಪೆಸಿಫಿಕೇಷನ್‌ನಲ್ಲಿ ‘45% ಎನ್‌ಟಿಎಸ್‌ಸಿ’ ಎಂದು ಬರೆದಿರುತ್ತದೆ. ಎನ್‌ಟಿಎಸ್‌ಸಿ ಹಳೆಯ ಟಿವಿಯ ಬಣ್ಣವ್ಯಾಪ್ತಿ, ಎಸ್‌ಆರ್‌ಜಿಬಿ ಕಂಪ್ಯೂಟರ್, ಇಂಟರ್ನೆಟ್‌ನ ಸಾಮಾನ್ಯ ಬಣ್ಣವ್ಯಾಪ್ತಿ. ಅಂದರೆ ಆ ಸ್ಕ್ರೀನ್‌ಗೆ ಎಸ್‌ಆರ್‌ಜಿಬಿ ಬಣ್ಣಗಳ ಹೆಚ್ಚುಕಡಿಮೆ ಮೂರನೇ ಎರಡು ಭಾಗವನ್ನಷ್ಟೇ ತೋರಿಸಲು ಆಗುತ್ತದೆ. ಉಳಿದದ್ದು ನಿಮ್ಮ ಫುಟೇಜ್‌ನಲ್ಲಿ ಇದ್ದರೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಒಂದು ಅರಿಶಿನ ಶಾಸ್ತ್ರದ ಶಾಟ್ ತೆಗೆದುಕೊಳ್ಳಿ. ಮದುಮಗಳ ಕೆನ್ನೆಯ ಮೇಲೆ ಒದ್ದೆ ಅರಿಶಿನ, ಹಿಂದೆ ಚೆಂಡುಹೂವಿನ ಅಲಂಕಾರ, ಮೈಮೇಲೆ ಹಳದಿ ಸೀರೆ. ಮೂರೂ ಹಳದಿಯೇ, ಆದರೆ ಮೂರೂ ಬೇರೆ ಬೇರೆ ಹಳದಿ. 45 ಪರ್ಸೆಂಟ್‌ನ ಸ್ಕ್ರೀನ್‌ನಲ್ಲಿ ಮೂರೂ ಒಂದೇ ಥರ ಮಂಕಾಗಿ ಕಾಣುತ್ತವೆ. ಎಡಿಟರ್ ಸ್ಯಾಚುರೇಷನ್ ಏರಿಸುತ್ತಾರೆ. ತಮ್ಮ ಸ್ಕ್ರೀನ್‌ನಲ್ಲಿ ಸರಿಯಾಯಿತು ಅನ್ನಿಸಿದಾಗ ಎಕ್ಸ್‌ಪೋರ್ಟ್ ಮಾಡುತ್ತಾರೆ. ಹುಡುಗಿಯ ಮನೆಯವರು ಅಮೊಲೆಡ್ ಫೋನಿನಲ್ಲಿ ತೆರೆದಾಗ ಮುಖ ಕಿತ್ತಳೆಯಾಗಿರುತ್ತದೆ, ಹೂವಿನ ಎಸಳುಗಳೆಲ್ಲ ಸೇರಿ ಒಂದೇ ಮುದ್ದೆಯಾಗಿರುತ್ತವೆ. ಎಡಿಟರ್‌ನ ಕಣ್ಣು ತಪ್ಪು ಮಾಡಿಲ್ಲ, ಸ್ಕ್ರೀನ್ ಸುಳ್ಳು ಹೇಳಿದೆ.

ನಿಮ್ಮ ಲ್ಯಾಪ್‌ಟಾಪ್‌ನದು ನೂರು ಪರ್ಸೆಂಟ್ ಎಸ್‌ಆರ್‌ಜಿಬಿ ಐಪಿಎಸ್ (ಒಂದು ಬಗೆಯ ಎಲ್‌ಸಿಡಿ) ಪ್ಯಾನೆಲ್ ಆಗಿದ್ದರೆ ಅಥವಾ ಇತ್ತೀಚಿನ ಮ್ಯಾಕ್‌ಬುಕ್ ಆಗಿದ್ದರೆ, ಸದ್ಯಕ್ಕೆ ಅದರಲ್ಲೇ ಕೆಲಸ ಮಾಡಿ. ಮಾನಿಟರ್‌ಗೆ ಆತುರಪಡಬೇಕಿಲ್ಲ.

ಎಸ್‌ಆರ್‌ಜಿಬಿ, ರೆಕ್ 709, ಡಿಸಿಐ-ಪಿ3: ಇವುಗಳಲ್ಲಿ ನನಗೆ ಬೇಕಾದದ್ದು ಯಾವುದು?

ಯೂಟ್ಯೂಬ್, ಇನ್‌ಸ್ಟಾಗ್ರಾಮ್, ವಾಟ್ಸ್ಆ್ಯಪ್, ಟಿವಿ ಚಾನೆಲ್, ಎಲ್ಲಕ್ಕೂ ನೀವು ಕೊಡುವ ಸಾಮಾನ್ಯ ವಿಡಿಯೊ ರೆಕ್ 709, ಅಂದರೆ ಎಚ್‌ಡಿ ವಿಡಿಯೊದ ಬಣ್ಣಗಳ ಮಾನದಂಡ. ಎಸ್‌ಆರ್‌ಜಿಬಿಯನ್ನು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ್ದು. ಅದರ ಕೆಂಪು, ಹಸಿರು, ನೀಲಿ ಮೂಲಬಣ್ಣಗಳು ರೆಕ್ 709ರವೇ, ಬಿಳಿಯೂ ಅದೇ ಡಿ65 (ಹಗಲು ಬೆಳಕಿನಂಥ ಬಿಳಿ, ಸುಮಾರು 6500 ಕೆಲ್ವಿನ್). ಎರಡಕ್ಕೂ ವ್ಯತ್ಯಾಸ ಇರುವುದು ಗಾಮಾದಲ್ಲಿ, ಅಂದರೆ ಕಪ್ಪಿನಿಂದ ಬಿಳಿಯವರೆಗೆ ಬೆಳಕು ಏರುವ ರೀತಿಯಲ್ಲಿ. ಆದ್ದರಿಂದ ‘100% ಎಸ್‌ಆರ್‌ಜಿಬಿ’ ಎಂದಿರುವ ಮಾನಿಟರ್‌ಗೆ ರೆಕ್ 709ರ ಎಲ್ಲ ಬಣ್ಣವನ್ನೂ ತೋರಿಸಲು ಆಗುತ್ತದೆ. ನಿಮಗೆ ಬೇಕಾಗಿರುವುದು ಅಷ್ಟೇ.

ಡಿಸಿಐ-ಪಿ3 ಹುಟ್ಟಿದ್ದು ಡಿಜಿಟಲ್ ಸಿನಿಮಾ ಪ್ರೊಜೆಕ್ಷನ್‌ಗಾಗಿ. ಅದರ ವ್ಯಾಪ್ತಿ ದೊಡ್ಡದು, ವಿಶೇಷವಾಗಿ ಕೆಂಪು ಮತ್ತು ಹಸಿರಿನ ಕಡೆ. ‘95% ಪಿ3’ ಎಂಬ ಸ್ಟಿಕರ್ ನೋಡಿ ಜನ ಖುಷಿಪಡುತ್ತಾರೆ, ಆದರೆ ಅಲ್ಲೊಂದು ಅಪಾಯ ಇದೆ. ಇಂಥ ಮಾನಿಟರ್‌ಗೆ ರೆಕ್ 709 ವಿಡಿಯೊವನ್ನು ಹಾಗೇ ಕೊಟ್ಟರೆ, ಅದು ಎಲ್ಲ ಬಣ್ಣವನ್ನೂ ತನ್ನ ವ್ಯಾಪ್ತಿಗೆ ಎಳೆದು ತೋರಿಸುತ್ತದೆ. ಕುಂಕುಮ ಉರಿಯುವಂತೆ ಕಾಣುತ್ತದೆ, ನೀವು ಸ್ಯಾಚುರೇಷನ್ ಇಳಿಸುತ್ತೀರಿ, ಆಮೇಲೆ ಗ್ರಾಹಕರ ಟಿವಿಯಲ್ಲಿ ಎಲ್ಲವೂ ಸಪ್ಪೆ.

ಹಾಗಾಗಿ ಪಿ3 ಮಾನಿಟರ್ ಕೊಳ್ಳುವುದಾದರೆ ಅದರಲ್ಲಿ ಸರಿಯಾಗಿ ಕೆಲಸ ಮಾಡುವ ಎಸ್‌ಆರ್‌ಜಿಬಿ ಮೋಡ್ ಇರಲೇಬೇಕು. ಆ ಮೋಡ್‌ಗೆ ಹೋದಾಗ ಬ್ರೈಟ್‌ನೆಸ್ ಬದಲಿಸಲು ಬಿಡುತ್ತದೆಯೇ ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ. ಕೆಲವು ಮಾನಿಟರ್‌ಗಳು ಅಲ್ಲಿ ಬ್ರೈಟ್‌ನೆಸ್‌ಗೆ ಬೀಗ ಹಾಕಿಬಿಡುತ್ತವೆ. ಕತ್ತಲ ಕೋಣೆಯಲ್ಲಿ ಕೂತವರಿಗೆ ಆಗ ಆ ಮೋಡ್ ಇದ್ದೂ ಇಲ್ಲದಂತೆ.

ಇನ್ನೊಂದು: ‘72% ಎನ್‌ಟಿಎಸ್‌ಸಿ’ ಎಂದು ಬರೆದಿದ್ದರೆ ವಿಸ್ತಾರದ ಲೆಕ್ಕದಲ್ಲಿ ಅದು ಎಸ್‌ಆರ್‌ಜಿಬಿಯಷ್ಟೇ ಎಂದುಕೊಳ್ಳಬಹುದು.

ಡೆಲ್ಟಾ-ಇ 2ಕ್ಕಿಂತ ಕಡಿಮೆ ಎಂದು ಡಬ್ಬಿಯ ಮೇಲಿದೆ. ನಂಬಬಹುದೇ?

ಇರಬೇಕಾದ ಬಣ್ಣಕ್ಕೂ ಸ್ಕ್ರೀನ್ ತೋರಿಸಿದ ಬಣ್ಣಕ್ಕೂ ಇರುವ ಅಂತರದ ಅಳತೆಯೇ ಡೆಲ್ಟಾ-ಇ. ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೆಯದು, 2ರ ಒಳಗಿದ್ದರೆ ಎರಡೂ ಬಣ್ಣವನ್ನು ಪಕ್ಕಪಕ್ಕ ಇಡದೆ ವ್ಯತ್ಯಾಸ ಗುರುತಿಸುವುದು ಕಷ್ಟ. ಡಬ್ಬಿಯ ಮೇಲಿನ ಸಂಖ್ಯೆ ಸರಾಸರಿ. ಅದೂ ಸಾಮಾನ್ಯವಾಗಿ ಒಂದು ನಿರ್ದಿಷ್ಟ ಮೋಡ್‌ನಲ್ಲಿ ಅಳೆದದ್ದು. ನೀವು ‘ವಿವಿಡ್’ ಅಥವಾ ‘ಸಿನಿಮಾ’ ಮೋಡ್‌ನಲ್ಲಿ ಕೂತರೆ ಆ ಭರವಸೆ ಅನ್ವಯಿಸುವುದಿಲ್ಲ. ಡಬ್ಬಿಯೊಳಗೆ ಆ ಘಟಕದ್ದೇ ಕ್ಯಾಲಿಬ್ರೇಷನ್ (ಬಣ್ಣ ಅಳೆದು ಹೊಂದಿಸುವುದು) ವರದಿಯ ಹಾಳೆ ಇದ್ದರೆ ಅದು ಒಳ್ಳೆಯ ಲಕ್ಷಣ.

ಐಪಿಎಸ್, ವಿಎ, ಓಎಲ್‌ಇಡಿ: ಯಾವ ಪ್ಯಾನೆಲ್?

ಇವು ಸ್ಕ್ರೀನ್ ತಯಾರಿಸುವ ಮೂರು ಬಗೆ. ಈ ಬಜೆಟ್‌ಗೆ ಐಪಿಎಸ್. ವಿಎ ಪ್ಯಾನೆಲ್‌ನಲ್ಲಿ ಕಾಂಟ್ರಾಸ್ಟ್ 3000:1ರ ಆಸುಪಾಸು ಇರುತ್ತದೆ, ಐಪಿಎಸ್‌ನಲ್ಲಿ 1000:1. ಸಂಖ್ಯೆ ನೋಡಿದರೆ ವಿಎಯೇ ಗೆಲ್ಲಬೇಕು, ಕಪ್ಪು ನಿಜಕ್ಕೂ ಅದರಲ್ಲೇ ಚೆನ್ನ. ಆದರೆ ತಲೆ ಸ್ವಲ್ಪ ಪಕ್ಕಕ್ಕೆ ಸರಿದರೆ ವಿಎಯಲ್ಲಿ ಶ್ಯಾಡೊಗಳ ಬೆಳಕೇ ಬದಲಾಗುತ್ತದೆ. ಕಪ್ಪು ಕೋಟಿನ ಮಡಿಕೆಗಳನ್ನು ಉಳಿಸಬೇಕೋ ಬಿಡಬೇಕೋ ಎಂದು ತೀರ್ಮಾನಿಸುವಾಗ ಇದು ದೊಡ್ಡ ತಲೆನೋವು. ಪಕ್ಕದಲ್ಲಿ ಗ್ರಾಹಕರು ಕುರ್ಚಿ ಎಳೆದುಕೊಂಡು ಕೂತರಂತೂ ನೀವು ನೋಡುವ ಚಿತ್ರವೇ ಬೇರೆ, ಅವರು ನೋಡುವುದೇ ಬೇರೆ.

ಐಪಿಎಸ್‌ನ ಕೊರತೆ ಕಪ್ಪು. ಕತ್ತಲ ಕೋಣೆಯಲ್ಲಿ ಅದು ಬೂದಿಯಂತೆ ಕಾಣುತ್ತದೆ, ಮೂಲೆಗಳಲ್ಲಿ ಮಂದ ಹೊಳಪು ಇರುತ್ತದೆ. ಮಾನಿಟರ್‌ನ ಹಿಂದೆ ಒಂದು ದೀಪ ಹಾಕಿದರೆ ಇದು ಬಹಳಷ್ಟು ಮರೆಯಾಗುತ್ತದೆ. ಓಎಲ್‌ಇಡಿ ಅದ್ಭುತ, ಆದರೆ ಬೆಲೆ ಹೆಚ್ಚು. ದಿನವಿಡೀ ಒಂದೇ ಜಾಗದಲ್ಲಿ ನಿಂತಿರುವ ಟೈಮ್‌ಲೈನ್, ಪ್ಯಾನೆಲ್ ಗೆರೆಗಳಿಂದ ಬರ್ನ್-ಇನ್ (ಸ್ಕ್ರೀನ್‌ನಲ್ಲಿ ಗುರುತು ಉಳಿದುಬಿಡುವುದು) ಆಗುವ ಚಿಂತೆಯೂ ಇದೆ.

ಎಷ್ಟು ಇಂಚು? 4ಕೆ ಬೇಕೇ ಬೇಕಾ?

ಬೇಕೇ ಬೇಕು ಅಂತಿಲ್ಲ. 4ಕೆ ಫುಟೇಜ್ ಅನ್ನು ಕ್ಯೂಎಚ್‌ಡಿ (2560×1440) ಮಾನಿಟರ್‌ನಲ್ಲಿ ಎಡಿಟ್ ಮಾಡಿ 4ಕೆ ಆಗಿಯೇ ಎಕ್ಸ್‌ಪೋರ್ಟ್ ಮಾಡಲು ಯಾವ ತಡೆಯೂ ಇಲ್ಲ. ಫೋಕಸ್ ಪರೀಕ್ಷಿಸಲು 100 ಪರ್ಸೆಂಟ್‌ಗೆ ಜೂಮ್ ಮಾಡಿಕೊಂಡರಾಯಿತು.

24 ಇಂಚಿಗೆ ಫುಲ್ ಎಚ್‌ಡಿ, 27 ಇಂಚಿಗೆ 2560×1440, ಇದು ಒಳ್ಳೆಯ ಜೋಡಿ. 27 ಇಂಚಿನಲ್ಲಿ ಫುಲ್ ಎಚ್‌ಡಿ ಮಾತ್ರ ಬೇಡ. ಇಂಚಿಗೆ ಸುಮಾರು 82 ಪಿಕ್ಸೆಲ್ ಅಷ್ಟೇ ಬರುತ್ತದೆ, ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ, ಟೈಮ್‌ಲೈನ್‌ಗೆ ಸಿಗುವ ಜಾಗವೂ 24 ಇಂಚಿನಷ್ಟೇ. ಅದೇ 27 ಇಂಚಿಗೆ ಕ್ಯೂಎಚ್‌ಡಿ ಹಾಕಿದರೆ ಸುಮಾರು 109.

ಸುತ್ತಿ ಬಳಸಿ ಬೇಡ, ಮಾಡೆಲ್ ಹೆಸರು ಹೇಳಿ.

ಏಸುಸ್ ಪ್ರೊಆರ್ಟ್ ಪಿಎ248ಕ್ಯೂವಿ. 24.1 ಇಂಚು, 1920×1200, ಐಪಿಎಸ್, ನೂರು ಪರ್ಸೆಂಟ್ ಎಸ್‌ಆರ್‌ಜಿಬಿ ಮತ್ತು ರೆಕ್ 709. ಫುಲ್ ಎಚ್‌ಡಿಗಿಂತ 120 ಗೆರೆ ಹೆಚ್ಚು ಎತ್ತರ ಇರುವುದರಿಂದ ಟೈಮ್‌ಲೈನ್‌ಗೆ ಇನ್ನೊಂದೆರಡು ಟ್ರ್ಯಾಕ್ ಕಾಣುತ್ತದೆ. ಮೊದಲ ಬಾರಿ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ.

ಇನ್ನೂ ಸ್ವಲ್ಪ ಹಣ ಹೊಂದಿಸಬಹುದಾದರೆ ಅದೇ ಸಾಲಿನ ಪಿಎ278ಕ್ಯೂವಿ: 27 ಇಂಚು, 2560×1440, ಬಣ್ಣದ ವ್ಯಾಪ್ತಿ ಅದೇ. ಬೆನ್‌ಕ್ಯೂ ಪಿಡಿ2705ಕ್ಯೂ ಕೂಡ ಇದೇ ಗಾತ್ರ, ಇದೇ ರೆಸಲ್ಯೂಷನ್. ಅದರಲ್ಲಿ ಯುಎಸ್‌ಬಿ-ಸಿ ಇದೆ, ಒಂದೇ ಕೇಬಲ್‌ನಲ್ಲಿ ಚಿತ್ರವೂ ಹೋಗುತ್ತದೆ, ಲ್ಯಾಪ್‌ಟಾಪ್ ಚಾರ್ಜ್ ಕೂಡ ಆಗುತ್ತದೆ. 4ಕೆಯೇ ಬೇಕೆನ್ನುವವರಿಗೆ ಪಿಎ279ಸಿವಿ.

ಹೆಸರಿನಲ್ಲಿ ಒಂದು ಅಕ್ಷರ ಬದಲಾದರೂ ಮಾನಿಟರ್ ಬೇರೆ. ಆರ್ಡರ್ ಹಾಕುವ ಮುನ್ನ ಪೂರ್ತಿ ಮಾಡೆಲ್ ನಂಬರ್ ಎರಡು ಸಲ ಓದಿ. ಹೊಸ ಮಾಡೆಲ್‌ಗಳು ಬರುತ್ತಲೇ ಇರುತ್ತವೆ. ಇವು ಸಿಗದಿದ್ದರೆ ಐಪಿಎಸ್, 100% ಎಸ್‌ಆರ್‌ಜಿಬಿ, ಫ್ಯಾಕ್ಟರಿ ಕ್ಯಾಲಿಬ್ರೇಷನ್, ಎತ್ತರ ಹೊಂದಿಸಬಹುದಾದ ಸ್ಟ್ಯಾಂಡ್, ಈ ನಾಲ್ಕನ್ನು ನೋಡಿ ಆರಿಸಿ.

ಇಷ್ಟಕ್ಕೂ ಬಜೆಟ್ ಏರದಿದ್ದರೆ, 99% ಎಸ್‌ಆರ್‌ಜಿಬಿ ಎಂದಿರುವ ಸಾಮಾನ್ಯ 24 ಇಂಚಿನ ಐಪಿಎಸ್ ಆಫೀಸ್ ಮಾನಿಟರ್ ಕೊಂಡು, ಉಳಿದ ಹಣವನ್ನು ಕ್ಯಾಲಿಬ್ರೇಟರ್ ಸಾಧನಕ್ಕೆ ಎತ್ತಿಡಿ. ಕ್ಯಾಲಿಬ್ರೇಟ್ ಮಾಡಿದ ಅಗ್ಗದ ಐಪಿಎಸ್, ಹೇಗೆ ಬಂತೋ ಹಾಗೇ ಬಿಟ್ಟ ದುಬಾರಿ ಮಾನಿಟರ್‌ಗಿಂತ ಮೇಲು. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ಗೇಮಿಂಗ್ ಮಾನಿಟರ್ ಸಾಕಾಗುತ್ತಾ? 144 ಹರ್ಟ್ಸ್ ಇದೆ.

ಐಪಿಎಸ್ ಆಗಿದ್ದು, ಒಳ್ಳೆಯ ಎಸ್‌ಆರ್‌ಜಿಬಿ ಮೋಡ್ ಇದ್ದರೆ ಸಾಕಾಗುತ್ತದೆ. 144 ಹರ್ಟ್ಸ್‌ನಿಂದ ಬಣ್ಣಕ್ಕೆ ಏನೂ ಲಾಭವಿಲ್ಲ. ರಿಫ್ರೆಶ್ ರೇಟ್ ಬಗ್ಗೆ ಉಪಯೋಗಕ್ಕೆ ಬರುವ ಒಂದು ವಿಷಯ ಇಲ್ಲಿದೆ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್, ಅದಕ್ಕೇ ಬಹಳ ಜನ ಲೈಟ್ ಫ್ಲಿಕರ್ ತಪ್ಪಿಸಲು 25 ಎಫ್‌ಪಿಎಸ್‌ನಲ್ಲಿ ಶೂಟ್ ಮಾಡುತ್ತಾರೆ. 60 ಹರ್ಟ್ಸ್ ಸ್ಕ್ರೀನ್‌ಗೆ 25 ಸಮವಾಗಿ ಹಂಚಿಹೋಗುವುದಿಲ್ಲ, ಪ್ಯಾನ್ ಶಾಟ್‌ಗಳು ಸಣ್ಣಗೆ ತಡವರಿಸುತ್ತವೆ. ತಪ್ಪು ನಿಮ್ಮ ಕ್ಯಾಮೆರಾದ್ದಲ್ಲ. ಮಾನಿಟರ್ 75 ಅಥವಾ 50 ಹರ್ಟ್ಸ್‌ಗೆ ಒಪ್ಪಿದರೆ ಹಾಗೆ ಇಟ್ಟು ನೋಡಿ.

ಕರ್ವ್ಡ್ ಮಾನಿಟರ್ ಬೇಡ. ಅಗ್ಗದವು ಬಹುತೇಕ ವಿಎ.

10 ಬಿಟ್ ಇಲ್ಲದಿದ್ದರೆ ಗ್ರೇಡಿಂಗ್ ಮಾಡೋಕಾಗಲ್ಲ ಅಂತಾರೆ, ನಿಜವಾ?

ಇಲ್ಲ. 8 ಬಿಟ್ ಅಂದರೆ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್ ಅಂದರೆ 1024. ಮೆಟ್ಟಿಲು ಹೆಚ್ಚಿದ್ದಷ್ಟೂ ಸಂಜೆ ಆಕಾಶ, ಸ್ಟೇಜ್ ಹೊಗೆ ಇಂಥ ಕಡೆ ಪಟ್ಟೆಗಳು ಕಡಿಮೆ. ಆದರೆ ಹೆಚ್ಚಿನ ಸಲ ಆ ಪಟ್ಟೆ ಮಾನಿಟರ್‌ನಿಂದ ಬಂದಿರುವುದಿಲ್ಲ. 8 ಬಿಟ್ ಕ್ಯಾಮೆರಾದಲ್ಲಿ ಲಾಗ್ (ಗ್ರೇಡಿಂಗ್‌ಗೆಂದು ಮಂಕಾಗಿ ತೆಗೆಯುವ ಬಗೆ) ಶೂಟ್ ಮಾಡಿ ಎಳೆದಾಡಿದ್ದರಿಂದಲೋ ಕಂಪ್ರೆಷನ್‌ನಿಂದಲೋ ಬಂದಿರುತ್ತದೆ. ಸಾಮಾನ್ಯ ಎಚ್.264 ಎಕ್ಸ್‌ಪೋರ್ಟ್ ಕೂಡ 8 ಬಿಟ್ಟೇ. 10 ಬಿಟ್ ಕ್ಯಾಮೆರಾದ ಮೇಲೆ ಹಣ ಹಾಕುವುದು ಲೇಸು, ಮಾನಿಟರ್ 8 ಬಿಟ್ ಆದರೂ ನಡೆಯುತ್ತದೆ. 6 ಬಿಟ್ ಜೊತೆ ಎಫ್‌ಆರ್‌ಸಿ (ಇಲ್ಲದ ಛಾಯೆಯನ್ನು ಬೇಗ ಬೇಗ ಬದಲಿಸಿ ಇರುವಂತೆ ತೋರಿಸುವ ತಂತ್ರ) ಎಂದಿರುವ ಪ್ಯಾನೆಲ್‌ನಿಂದ ಮಾತ್ರ ದೂರ ಇರಿ.

ಡಬ್ಬಿಯ ಮೇಲೆ ಎಚ್‌ಡಿಆರ್ 400 ಅಂತಿದೆ. ಎಚ್‌ಡಿಆರ್ ಗ್ರೇಡಿಂಗ್ ಮಾಡಬಹುದಾ?

ಆಗುವುದಿಲ್ಲ. ಎಚ್‌ಡಿಆರ್ ಅಂದರೆ ಸಾಮಾನ್ಯಕ್ಕಿಂತ ಹೆಚ್ಚು ಬೆಳಕು, ಕತ್ತಲಿನ ಅಂತರ ತೋರಿಸುವ ವಿಡಿಯೊ. ಡಿಸ್‌ಪ್ಲೇಎಚ್‌ಡಿಆರ್ 400 ಎಂಬ ಮುದ್ರೆ ಕೇಳುವ ಗರಿಷ್ಠ ಬೆಳಕು 400 ನಿಟ್ಸ್ (ನಿಟ್ಸ್ ಸ್ಕ್ರೀನ್ ಬೆಳಕಿನ ಅಳತೆ) ಅಷ್ಟೇ, ಲೋಕಲ್ ಡಿಮ್ಮಿಂಗ್ (ಸ್ಕ್ರೀನ್‌ನ ಭಾಗಗಳ ಬೆಳಕನ್ನು ಬೇರೆ ಬೇರೆಯಾಗಿ ಇಳಿಸುವುದು) ಇರಲೇಬೇಕೆಂದಿಲ್ಲ. ಎಚ್‌ಡಿಆರ್ ಕಂಟೆಂಟ್ ಅನ್ನು ಸಾಮಾನ್ಯವಾಗಿ 1000 ನಿಟ್ಸ್‌ಗೆ ಮಾಸ್ಟರ್ ಮಾಡುತ್ತಾರೆ. ವಿಂಡೋಸ್‌ನಲ್ಲಿ ಎಚ್‌ಡಿಆರ್ ಸ್ವಿಚ್ ಆಫ್ ಮಾಡಿ, ರೆಕ್ 709ರಲ್ಲಿ ನೆಮ್ಮದಿಯಾಗಿ ಕೆಲಸ ಮಾಡಿ.

ಕ್ಯಾಲಿಬ್ರೇಟರ್ ಕೊಳ್ಳಲೇಬೇಕಾ?

ಗ್ರೇಡಿಂಗ್‌ಗೆ ದುಡ್ಡು ತಗೊಳ್ಳುತ್ತಿದ್ದರೆ ಹೌದು. ಫ್ಯಾಕ್ಟರಿಯಲ್ಲಿ ಎಷ್ಟೇ ಚೆನ್ನಾಗಿ ಹೊಂದಿಸಿದರೂ ಬ್ಯಾಕ್‌ಲೈಟ್ ಹಳೆಯದಾದಂತೆ ಬಿಳಿ ಮೆಲ್ಲಗೆ ಬಣ್ಣ ಬದಲಿಸುತ್ತದೆ. ದಿನವೂ ನೋಡುವ ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ. ಕ್ಯಾಲಿಬ್ರೈಟ್ ಅಥವಾ ಡೇಟಾಕಲರ್ ಸ್ಪೈಡರ್ ಸಾಧನಗಳು ಸಿಗುತ್ತವೆ. ಊರಿನ ಮೂರು ನಾಲ್ಕು ಎಡಿಟರ್‌ಗಳು ಸೇರಿ ಒಂದು ಕೊಂಡು ಹಂಚಿಕೊಳ್ಳುವುದು ಜಾಣತನ. ತಿಂಗಳಿಗೊಮ್ಮೆ ಬೇಕಾಗುವ ವಸ್ತು ಅದು.

ಸಾಫ್ಟ್‌ವೇರ್‌ಗೆ ಹಣ ಬೇಡ, ಆರ್ಗಿಲ್ ಸಿಎಂಎಸ್ ಉಚಿತ. ಅದರ ಮೇಲೆ ಕೂತಿರುವ ಡಿಸ್‌ಪ್ಲೇಕ್ಯಾಲ್ ಕೂಡ ಉಚಿತ. ಅದರ ಮೂಲ ಆವೃತ್ತಿಯ ಕೆಲಸ ನಿಂತಿದೆ, ಪೈಥಾನ್ 3ಕ್ಕೆ ತಂದ ಆವೃತ್ತಿಯನ್ನು ಸಮುದಾಯದವರು ನಡೆಸುತ್ತಿದ್ದಾರೆ.

ಮಾನಿಟರ್ ಆನ್ ಮಾಡಿ ಅರ್ಧ ಗಂಟೆ ಬಿಸಿಯಾಗಲು ಬಿಡಿ. ಬಿಳಿ ಡಿ65, ಬೆಳಕು 100ರಿಂದ 120 ನಿಟ್ಸ್. ಗಾಮಾ, ಬೆಳಕಿರುವ ಕೋಣೆಗೆ 2.2, ಮಬ್ಬುಗತ್ತಲಿಗೆ 2.4. ಇಷ್ಟು ಗುರಿ ಇಟ್ಟುಕೊಂಡು ಶುರುಮಾಡಿ.

ವಿಂಡೋಸ್‌ನಲ್ಲಿ ಡಾವಿಂಚಿ ರಿಸಾಲ್ವ್ (ಎಡಿಟಿಂಗ್, ಗ್ರೇಡಿಂಗ್ ಸಾಫ್ಟ್‌ವೇರ್) ಬಳಸುವವರು ಗಮನಿಸಿ: ಅಲ್ಲಿ ರಿಸಾಲ್ವ್ ನಿಮ್ಮ ಐಸಿಸಿ ಪ್ರೊಫೈಲ್ (ಕ್ಯಾಲಿಬ್ರೇಷನ್‌ನಿಂದ ಬಂದ ಬಣ್ಣದ ಮಾಹಿತಿಯ ಫೈಲ್) ಅನ್ನು ನೋಡುವುದಿಲ್ಲ. ಡಿಸ್‌ಪ್ಲೇಕ್ಯಾಲ್‌ನಿಂದ ಒಂದು 3ಡಿ ಲಟ್ (ಯಾವ ಬಣ್ಣವನ್ನು ಹೇಗೆ ಬದಲಿಸಬೇಕೆಂಬ ಪಟ್ಟಿಯ ಫೈಲ್) ತಯಾರಿಸಿ, ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಕಲರ್ ವ್ಯೂವರ್ ಲಟ್ ಆಗಿ ಹಾಕಬೇಕು. ಅದು ನಿಮ್ಮ ಕಣ್ಣಿಗಷ್ಟೇ, ಎಕ್ಸ್‌ಪೋರ್ಟ್‌ಗೆ ಸೇರುವುದಿಲ್ಲ. ಮ್ಯಾಕ್‌ನಲ್ಲಾದರೆ ಡಿಸ್‌ಪ್ಲೇ ಪ್ರೊಫೈಲ್ ಬಳಸುವ ಆಯ್ಕೆ ಪ್ರಿಫರೆನ್ಸಸ್‌ನಲ್ಲೇ ಇದೆ. ಪ್ರೀಮಿಯರ್ ಪ್ರೊದಲ್ಲೂ ‘ಡಿಸ್‌ಪ್ಲೇ ಕಲರ್ ಮ್ಯಾನೇಜ್‌ಮೆಂಟ್’ ಎಂಬ ಆಯ್ಕೆ ಇದೆ.

ನನ್ನ ಕೋಣೆಯಲ್ಲಿ ಚೆನ್ನಾಗಿರುತ್ತೆ, ಗ್ರಾಹಕರು ‘ಕತ್ತಲೆ ಕತ್ತಲೆ’ ಅಂತಾರೆ. ಮಾನಿಟರ್ ಬದಲಿಸಲಾ?

ಮೊದಲು ಬ್ರೈಟ್‌ನೆಸ್ ಇಳಿಸಿ. ಡಬ್ಬಿಯಿಂದ ಬಂದ ಮಾನಿಟರ್ ಅಂಗಡಿಯ ಬೆಳಕಲ್ಲಿ ಮಿಂಚಬೇಕೆಂದು ಹೊಂದಿಸಿದ್ದು, 250 ನಿಟ್ಸ್ ಅಥವಾ ಅದಕ್ಕೂ ಮೇಲೆ ಇರುತ್ತದೆ. ಸ್ಟುಡಿಯೊಗಳಲ್ಲಿ ಎಸ್‌ಡಿಆರ್ (ಎಚ್‌ಡಿಆರ್ ಅಲ್ಲದ ಸಾಮಾನ್ಯ ವಿಡಿಯೊ) ಗ್ರೇಡಿಂಗ್‌ನ ಮಾನದಂಡ 100 ನಿಟ್ಸ್. ಎರಡೂವರೆ ಪಟ್ಟು ಬೆಳಕಿನಲ್ಲಿ ನೋಡುತ್ತಾ ಕೂತವರಿಗೆ ಎಲ್ಲ ಶಾಟ್‌ಗಳೂ ಸಾಕಷ್ಟು ಬೆಳಕಾಗಿಯೇ ಕಾಣುತ್ತವೆ, ಮುಖವನ್ನು ಎತ್ತಬೇಕು ಅನ್ನಿಸುವುದೇ ಇಲ್ಲ. ರಾತ್ರಿಯ ರಿಸೆಪ್ಷನ್ ದೃಶ್ಯಗಳು ಕತ್ತಲಾಗಿ ಹೊರಹೋಗುವುದು ಹೀಗೆ.

ಎರಡನೆಯದು ಕೋಣೆ. ಇದರ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ಮಾನಿಟರ್‌ನಷ್ಟೇ ಮುಖ್ಯ. ನಮ್ಮ ಮನೆಗಳ ಗೋಡೆ ತಿಳಿ ಹಸಿರೋ, ಗುಲಾಬಿಯೋ, ಆಕಾಶನೀಲಿಯೋ ಆಗಿರುತ್ತದೆ. ಮಾನಿಟರ್ ಹಿಂದೆ ಹಸಿರು ಗೋಡೆ ಇದ್ದರೆ ಕಣ್ಣು ಆ ಹಸಿರಿಗೆ ಒಗ್ಗಿಕೊಂಡು, ಸರಿಯಾಗಿರುವ ಚರ್ಮದ ಬಣ್ಣವೂ ತುಸು ಗುಲಾಬಿಯಾಗಿ ಕಾಣುತ್ತದೆ. ನೀವು ಇಲ್ಲದ ದೋಷವನ್ನು ತಿದ್ದಲು ಹೋಗುತ್ತೀರಿ. ಮಾನಿಟರ್‌ನ ಹಿಂದಿನ ಗೋಡೆಗಾದರೂ ಬೂದು ಬಣ್ಣ ಹೊಡೆಸಿ, ಬಾಡಿಗೆ ಮನೆಯಾದರೆ ಹೊಳಪಿಲ್ಲದ ಬೂದು ಬಟ್ಟೆ ಕಟ್ಟಿ. ಕಿಟಕಿ ನಿಮ್ಮ ಬೆನ್ನ ಹಿಂದೆಯೂ ಇರಬಾರದು, ಮಾನಿಟರ್ ಹಿಂದೆಯೂ ಇರಬಾರದು, ಪಕ್ಕಕ್ಕಿರಲಿ, ದಪ್ಪ ಪರದೆ ಇರಲಿ. ಮಧ್ಯಾಹ್ನದ ಬಿಸಿಲಲ್ಲಿ ಮಾಡಿದ ಗ್ರೇಡ್ ರಾತ್ರಿ ಬೇರೆಯೇ ಕಾಣುವುದು ಈ ಕಿಟಕಿಯಿಂದಲೇ. ಮಾನಿಟರ್ ಹಿಂದೆ 6500 ಕೆಲ್ವಿನ್‌ನ, ಸಿಆರ್‌ಐ (ಬಣ್ಣಗಳನ್ನು ಸಹಜವಾಗಿ ತೋರಿಸುವ ಗುಣದ ಅಂಕ) 90ಕ್ಕಿಂತ ಹೆಚ್ಚಿರುವ ಒಂದು ಎಲ್‌ಇಡಿ ದೀಪ ಹಾಕಿ, ಗೋಡೆಗೆ ಬಡಿದು ಮಂದ ಬೆಳಕು ಬರುವಂತೆ. ಬಣ್ಣ ಬದಲಿಸುವ ಆರ್‌ಜಿಬಿ ಪಟ್ಟಿ ಬೇಡ.

ಒಂದೇ ವಿಡಿಯೊ ರಿಸಾಲ್ವ್‌ನಲ್ಲಿ ಒಂದು ಥರ, ಕ್ವಿಕ್‌ಟೈಮ್‌ನಲ್ಲಿ ಇನ್ನೊಂದು ಥರ. ಯಾವುದು ಸರಿ?

ಇದು ಮ್ಯಾಕ್‌ನ ಹಳೆಯ ತಕರಾರು. ರೆಕ್ 709 ಎಂದು ಗುರುತು ಹಾಕಿದ ಫೈಲ್ ಅನ್ನು ಕ್ವಿಕ್‌ಟೈಮ್ ಸುಮಾರು 1.96ರ ಗಾಮಾ ಎಂದುಕೊಂಡು ತೋರಿಸುತ್ತದೆ, ಅದಕ್ಕೇ ತೊಳೆದಂತೆ ಕಾಣುತ್ತದೆ. ರಿಸಾಲ್ವ್‌ನಲ್ಲಿ ‘ರೆಕ್ 709-ಎ’ ಎಂಬ ಆಯ್ಕೆ ಬಂದದ್ದು ಇದಕ್ಕಾಗಿಯೇ. ವಿಂಡೋಸ್‌ನಲ್ಲಿ ಕಪ್ಪು ಬೂದಿಯಾಗಿ ಕಂಡರೆ ಗ್ರಾಫಿಕ್ಸ್ ಕಾರ್ಡ್ ಸೆಟ್ಟಿಂಗ್ ನೋಡಿ: ಎಚ್‌ಡಿಎಂಐ ಔಟ್‌ಪುಟ್ ‘ಲಿಮಿಟೆಡ್’ ರೇಂಜ್‌ನಲ್ಲಿದ್ದು ಮಾನಿಟರ್ ‘ಫುಲ್’ ನಿರೀಕ್ಷಿಸುತ್ತಿರಬಹುದು. ಆಗ ಕಪ್ಪು 0ಗೆ ಬದಲು 16ರಲ್ಲಿ ನಿಲ್ಲುತ್ತದೆ.

ಮನೆಯ ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳಬಹುದಾ?

ಕೊನೆಯಲ್ಲಿ ಒಮ್ಮೆ ನೋಡಲು ಒಳ್ಳೆಯದು. ಗ್ರಾಹಕರು ನೋಡುವುದೂ ಅಂಥದ್ದರಲ್ಲೇ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ಶಾರ್ಪ್‌ನೆಸ್, ಮೋಷನ್ ಸ್ಮೂತಿಂಗ್, ಡೈನಮಿಕ್ ಕಾಂಟ್ರಾಸ್ಟ್ ಎಲ್ಲ ಆಫ್ ಮಾಡಿ. ದಿನದ ಕೆಲಸಕ್ಕೆ ಟಿವಿ ಬೇಡ.

ಈಗ ಮಾನಿಟರ್‌ಗೆ ಹಣವೇ ಇಲ್ಲ. ಈ ತಿಂಗಳ ಕೆಲಸ ಹೇಗೆ ಮಾಡಲಿ?

ಸ್ಕೋಪ್‌ಗಳನ್ನು, ಅಂದರೆ ಚಿತ್ರದ ಬೆಳಕು, ಬಣ್ಣವನ್ನು ನಕ್ಷೆಯಾಗಿ ತೋರಿಸುವ ಕಿಟಕಿಗಳನ್ನು ನಂಬಿ. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ವೇವ್‌ಫಾರ್ಮ್, ಪರೇಡ್, ವೆಕ್ಟರ್‌ಸ್ಕೋಪ್ ಇವೆ. ಅವು ಫೈಲ್‌ನಲ್ಲಿರುವ ಸಂಖ್ಯೆಯನ್ನು ಅಳೆಯುತ್ತವೆ, ನಿಮ್ಮ ಸ್ಕ್ರೀನ್ ಎಷ್ಟೇ ಕೆಟ್ಟದಾಗಿದ್ದರೂ ಅವುಗಳ ಲೆಕ್ಕ ಬದಲಾಗುವುದಿಲ್ಲ. ಬಿಳಿ ಪಂಚೆ ಇರುವ ಶಾಟ್‌ನಲ್ಲಿ ಪರೇಡ್‌ನ ಕೆಂಪು, ಹಸಿರು, ನೀಲಿ ಮೂರೂ ಬಣ್ಣ ಆ ಜಾಗದಲ್ಲಿ ಒಂದೇ ಎತ್ತರಕ್ಕೆ ಬಂದರೆ ವೈಟ್ ಬ್ಯಾಲೆನ್ಸ್ ಸರಿ ಇದೆ ಎಂದರ್ಥ.

ಚರ್ಮಕ್ಕೆ ವೆಕ್ಟರ್‌ಸ್ಕೋಪ್. ಕೆಂಪು ಮತ್ತು ಹಳದಿಯ ನಡುವೆ ಒಂದು ಓರೆ ಗೆರೆ ಇದೆ, ಸ್ಕಿನ್ ಟೋನ್ ಇಂಡಿಕೇಟರ್ ಆನ್ ಮಾಡಿದರೆ ಕಾಣುತ್ತದೆ. ಕಪ್ಪು, ಗೋಧಿ, ಬಿಳಿ, ಯಾವ ಮೈಬಣ್ಣವಾದರೂ ಆ ಗೆರೆಯ ಹತ್ತಿರವೇ ಬೀಳುತ್ತದೆ. ಬೆಳಕು ಮತ್ತು ಗಾಢತೆ ಬೇರೆಯಾಗುತ್ತವೆ, ದಿಕ್ಕು ಹೆಚ್ಚುಕಡಿಮೆ ಅದೇ. ಆದರೆ ಅರಿಶಿನ ಹಚ್ಚಿದ ಮುಖವನ್ನು ಆ ಗೆರೆಗೆ ಎಳೆಯಬೇಡಿ. ಅದು ಹಳದಿಯ ಕಡೆ ವಾಲಿರುವುದೇ ಸರಿ. ಅದೇ ಫ್ರೇಮ್‌ನಲ್ಲಿ ಪಕ್ಕದಲ್ಲಿ ನಿಂತ, ಅರಿಶಿನ ಹಚ್ಚದ ಅಮ್ಮನದೋ ಅತ್ತಿಗೆಯದೋ ಮುಖಕ್ಕೆ ವಿಂಡೋ (ಆ ಭಾಗವನ್ನಷ್ಟೇ ಆರಿಸುವ ಆಕಾರ) ಹಾಕಿ ನೋಡಿ, ಅದು ಗೆರೆಯ ಮೇಲೆ ಕೂರಲಿ. ಕೆನ್ನೇರಳೆ ಎಲ್‌ಇಡಿ ಲೈಟಿನ ಸ್ಟೇಜ್ ಶಾಟ್‌ಗಳಿಗೂ ಈ ಗೆರೆ ಅನ್ವಯಿಸದು. ಅಲ್ಲಿ ನೀಲಿ ಚಾನೆಲ್ ಕ್ಲಿಪ್ ಆಗದಂತೆ (ಮಿತಿಗೆ ಬಡಿದು ವಿವರ ಕಳೆದುಕೊಳ್ಳದಂತೆ) ಪರೇಡ್ ನೋಡಿಕೊಂಡರೆ ಸಾಕು.

ಐಫೋನ್ ಅಥವಾ ಐಪ್ಯಾಡ್ ಯಾರಲ್ಲಾದರೂ ಇದ್ದರೆ ಎಕ್ಸ್‌ಪೋರ್ಟ್ ಅನ್ನು ಅದರಲ್ಲೂ ನೋಡಿ. ಟ್ರೂ ಟೋನ್ ಮತ್ತು ನೈಟ್ ಶಿಫ್ಟ್ ಆಫ್ ಆಗಿರಲಿ.

ಕೊಳ್ಳುವಾಗ, ಡಬ್ಬಿ ತೆರೆದಾಗ ಏನು ನೋಡಬೇಕು?

ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಅಂಗಡಿಯಲ್ಲಿ ಕೊಳ್ಳುವುದಾದರೆ ಆನ್ ಮಾಡಿ ತೋರಿಸಿ ಎಂದು ಕೇಳಿ. ಆನ್‌ಲೈನ್ ಆದರೆ ಡಬ್ಬಿ ಒಡೆಯುವುದನ್ನು ವಿಡಿಯೊ ಮಾಡಿಕೊಳ್ಳಿ, ವಾಪಸ್ ಕೊಡುವ ಅವಧಿ ಎಷ್ಟು ದಿನ ಎಂದು ಆರ್ಡರ್ ಮಾಡುವ ಮೊದಲೇ ಓದಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಷ್ಟು ಗಂಟೆ ಓಡಿದೆ ಎಂದು ಕೇಳಿ. ಕೆಲವು ಮಾನಿಟರ್‌ಗಳ ಮೆನುವಿನಲ್ಲೇ ಆ ಸಂಖ್ಯೆ ಇರುತ್ತದೆ.

ಮನೆಗೆ ಬಂದ ದಿನವೇ ಪೂರ್ತಿ ಸ್ಕ್ರೀನ್‌ಗೆ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಒಂದೊಂದಾಗಿ ಹಾಕಿ ಸತ್ತ ಪಿಕ್ಸೆಲ್ ಹುಡುಕಿ. ಆಮೇಲೆ ಅರ್ಧ ಬೂದು ಬಣ್ಣ ಹಾಕಿ, ಎರಡು ಅಡಿ ಹಿಂದೆ ಸರಿದು ನೋಡಿ. ಒಂದು ಬದಿ ಹಳದಿ, ಇನ್ನೊಂದು ಬದಿ ನೀಲಿ ಛಾಯೆ ಕಾಣುತ್ತಿದೆಯೇ? ತುಸು ಇರುವುದು ಸಹಜ, ಬರಿಗಣ್ಣಿಗೆ ಎದ್ದು ಕಂಡರೆ ವಾಪಸ್ ಕೊಡಿ. ಕ್ಯಾಲಿಬ್ರೇಟರ್ ಸ್ಕ್ರೀನ್‌ನ ನಡುವೆ ಕೂತು ಅಳೆಯುವ ಸಾಧನ, ಅಂಚಿನ ಛಾಯೆಯನ್ನು ಅದು ತಿದ್ದಲಾರದು.